ಫ್ಲೌಂಡರ್, ಫೌಂಡರ್, ಸ್ಟ್ರಗಲ್: ಎಲ್ಲದಕ್ಕೂ ‘ಹೋರಾಟ’ವೇ?

ಕರಡುತಿದ್ದುಗ:
ವಾಣಿಜ್ಯ ಸುದ್ದಿಗಳ ಅನುವಾದದಲ್ಲಿ ಮತ್ತೆ ಮತ್ತೆ ಎಡವುವ ಎರಡು ವಾಕ್ಯ ಇಲ್ಲಿವೆ.

1. ದಿ ಕಂಪನಿ ಈಸ್ ಫ್ಲೌಂಡರಿಂಗ್.
2. ದಿ ಟಾಕ್ಸ್ ಫೌಂಡರ್ಡ್ ಆನ್ ದಿ ವೇಜ್ ಇಶ್ಯೂ.

ಮೊದಲನೆಯದು ‘ಕಂಪನಿ ಹೋರಾಡುತ್ತಿದೆ’ ಎಂದು ಬಂದಿದೆ. ಎರಡನೆಯದು ‘ವೇತನದ ವಿಷಯದಲ್ಲಿ ಮಾತುಕತೆ ಒದ್ದಾಡಿತು’ ಎಂದಾಗಿದೆ. ಎರಡೂ ಸರಿಯಿಲ್ಲ ಅಂತ ಕಿವಿಗೇ ಗೊತ್ತಾಗುತ್ತದೆ. ಆದರೆ ಫ್ಲೌಂಡರ್‌ಗೂ ಫೌಂಡರ್‌ಗೂ ಗೆರೆ ಎಲ್ಲಿ ಎಳೆಯಬೇಕು? ಸ್ಟ್ರಗಲ್ ಇವುಗಳ ಪಕ್ಕದಲ್ಲಿ ಎಲ್ಲಿ ನಿಲ್ಲುತ್ತದೆ? ಬಲ್ಲವರು ತಿಳಿಸಿ.

ಇಂಗ್ಲಿಷ್ ಮೇಷ್ಟ್ರು:
ಗೆರೆ ಇರುವುದು ಒಂದೇ ಕಡೆ: ಕತೆ ಮುಗಿದಿದೆಯೋ ಇಲ್ಲವೋ ಎಂಬಲ್ಲಿ. ಫೌಂಡರ್ ಅಂದರೆ ಮುಳುಗಿತು, ಮುಗಿಯಿತು. ಫ್ಲೌಂಡರ್ ಅಂದರೆ ಇನ್ನೂ ಮುಳುಗಿಲ್ಲ, ಕೈಕಾಲು ಬಡಿಯುತ್ತಿದೆ, ಎತ್ತ ಹೋಗಬೇಕೆಂದು ತಿಳಿಯದೆ ಗೊಂದಲದಲ್ಲಿದೆ.

ಫೌಂಡರ್ ಹಳೆಯ ಫ್ರೆಂಚಿನ ಮೂಲಕ ಲ್ಯಾಟಿನ್ನಿನ ‘ಫುಂಡುಸ್’ನಿಂದ ಬಂದದ್ದು. ಫುಂಡುಸ್ ಅಂದರೆ ತಳ. ಹಡಗಿಗೆ ನೀರು ತುಂಬಿ ಅದು ತಳ ಸೇರುವುದೇ ಫೌಂಡರ್. ಸಂಸ್ಥೆ ಕಟ್ಟಿದವರನ್ನು ‘ಫೌಂಡರ್’ ಅನ್ನುತ್ತೇವಲ್ಲ, ಆ ನಾಮಪದದ ಬೇರೂ ಅದೇ ಲ್ಯಾಟಿನ್ ತಳ. ಒಬ್ಬರು ತಳ ಹಾಕುತ್ತಾರೆ, ಇನ್ನೊಂದು ತಳ ಹಿಡಿಯುತ್ತದೆ. ನಾಮಪದವನ್ನಷ್ಟೇ ತಲೆಯಲ್ಲಿಟ್ಟುಕೊಂಡು ಓದಿದರೆ ನಿಮ್ಮ ಎರಡನೆಯ ವಾಕ್ಯದಲ್ಲಿ ಮಾತುಕತೆ ‘ಸ್ಥಾಪನೆ’ಯಾಗಿಬಿಡುವ ಅಪಾಯವಿದೆ, ಎಚ್ಚರ.

ಫ್ಲೌಂಡರ್‌ನ ಮೂಲ ಇಷ್ಟು ಸ್ಪಷ್ಟವಲ್ಲ. ಫೌಂಡರ್ ಪದವೇ ಬಾಯಿಂದ ಬಾಯಿಗೆ ಹೋಗುತ್ತ ಬದಲಾಗಿರಬಹುದು ಎಂಬುದು ಒಂದು ಅಭಿಪ್ರಾಯ. ಫ್ಲ್ಯಾಪ್, ಫ್ಲಾಪ್, ಫ್ಲೇಲ್ ಹೀಗೆ ಬಡಿದಾಟ, ಪಟಪಟ ಸೂಚಿಸುವ ಪದಗಳ ‘ಫ್ಲ’ ಅದಕ್ಕೆ ಅಂಟಿಕೊಂಡಿತು ಎನ್ನುತ್ತಾರೆ. ನೆನಪಿಟ್ಟುಕೊಳ್ಳಲು ಅಷ್ಟು ಸಾಕು: ‘ಫ್ಲ’ ಇದ್ದರೆ ಬಡಿದಾಟ ಇದೆ, ಅಂದರೆ ಜೀವ ಇದೆ.

ಬಳಕೆಯ ವಿವರ:

ಫ್ಲೌಂಡರ್ ಅಕರ್ಮಕ. ಅದಕ್ಕೆ ಕರ್ಮ ಹತ್ತುವುದಿಲ್ಲ, ಹಾಗಾಗಿ ‘ವಾಸ್ ಫ್ಲೌಂಡರ್ಡ್’ ಎಂಬ ಕರ್ಮಣಿ ರೂಪವೂ ಇಲ್ಲ. ಅದರ ನಂತರ ಬರುವ ಪದಗಳು ಅಬೌಟ್, ಅರೌಂಡ್, ಇನ್, ಥ್ರೂ. ‘ಫ್ಲೌಂಡರ್ಡ್ ಇನ್ ದಿ ಮಡ್’ ಅಂದರೆ ಕೆಸರಿನಲ್ಲಿ ಒದ್ದಾಡಿದ. ‘ಫ್ಲೌಂಡರ್ಡ್ ಥ್ರೂ ದಿ ಸ್ಪೀಚ್’ ಅಂದರೆ ತಡವರಿಸುತ್ತ, ಎಲ್ಲೆಲ್ಲೋ ಹೋಗುತ್ತ ಹೇಗೋ ಭಾಷಣ ಮುಗಿಸಿದ. ‘ಫ್ಲೌಂಡರ್ ಫಾರ್ ಆ್ಯನ್ ಆನ್ಸರ್’ ಅಂದರೆ ಉತ್ತರಕ್ಕೆ ತಡಕಾಡು. ಇದರ ಮುಂದೆ ‘ಟು’ ಮತ್ತು ಕ್ರಿಯಾಪದ ಸಾಮಾನ್ಯವಾಗಿ ಬರುವುದಿಲ್ಲ. ‘ಫ್ಲೌಂಡರ್ಡ್ ಟು ಓಪನ್ ದಿ ಡೋರ್’ ಎಂದು ಬರೆಯುವುದಕ್ಕಿಂತ ಅಲ್ಲಿ ಸ್ಟ್ರಗಲ್ ಹಾಕಿ.

ಫೌಂಡರ್ ನಂತರ ಬರುವುದು ಹೆಚ್ಚಾಗಿ ‘ಆನ್’ ಅಥವಾ ‘ಓವರ್’. ಯಾವ ಬಂಡೆಗೆ ಬಡಿದು ಮುಳುಗಿತು ಎಂಬುದನ್ನು ಆ ‘ಆನ್’ ಹೇಳುತ್ತದೆ. ‘ಫೌಂಡರ್ಡ್ ಆನ್ ದಿ ವೇಜ್ ಇಶ್ಯೂ’ = ವೇತನದ ವಿಚಾರದಲ್ಲಿ ಮಾತುಕತೆ ಮುರಿದುಬಿತ್ತು.

ಪರೀಕ್ಷೆ ಸುಲಭ. ವಾಕ್ಯದ ಕೊನೆಗೆ ‘ಆದರೂ ಕೊನೆಗೆ ಚೇತರಿಸಿಕೊಂಡಿತು’ ಎಂದು ಸೇರಿಸಿ ನೋಡಿ. ಸಲೀಸಾಗಿ ಕೂತರೆ ಫ್ಲೌಂಡರ್. ಅಸಂಬದ್ಧವಾದರೆ ಫೌಂಡರ್.

ಕಡಲತಡಿ:
ಮೇಷ್ಟ್ರೇ, ಫ್ಲೌಂಡರ್ ಅಂತ ಮೀನೂ ಇದೆಯಲ್ಲ? ದಡಕ್ಕೆ ಎಳೆದಾಗ ಒದ್ದಾಡುತ್ತದೆ, ಅದರಿಂದಲೇ ಕ್ರಿಯಾಪದ ಬಂತು ಅಂತ ಒಂದು ವಿವರಣೆ ಓಡಾಡುತ್ತಿರುತ್ತದೆ.

ಇಂಗ್ಲಿಷ್ ಮೇಷ್ಟ್ರು:
ಕೇಳಲು ಚೆನ್ನಾಗಿದೆ, ನಿಜವಲ್ಲ. ಮೀನಿನ ಹೆಸರು ಸ್ಕ್ಯಾಂಡಿನೇವಿಯಾ ಕಡೆಯ ಭಾಷೆಯಿಂದ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದದ್ದು, ಕ್ರಿಯಾಪದದ ದಾರಿಯೇ ಬೇರೆ. ಉಚ್ಚಾರ, ಅಕ್ಷರ ಒಂದೇ ಆಗಿರುವುದು ಆಕಸ್ಮಿಕ. ಅಷ್ಟಕ್ಕೂ ದಡಕ್ಕೆ ಎಳೆದರೆ ಯಾವ ಮೀನು ಒದ್ದಾಡುವುದಿಲ್ಲ?

ಕಡಲತಡಿ:
ಸರಿ. ಓದುಗರಿಗೆ ಗುರುತು ಸಿಗಲಿ ಅಂತ ಒಂದು ಮಾತು: ಫ್ಲೌಂಡರ್ ಚಪ್ಪಟೆ ಮೀನು, ಎರಡೂ ಕಣ್ಣು ಒಂದೇ ಮಗ್ಗುಲಲ್ಲಿ. ನಮ್ಮ ಕರಾವಳಿಯ ನಂಗು ಮೀನು ಅದೇ ಚಪ್ಪಟೆ ಮೀನುಗಳ ಬಳಗದ್ದು. ಹಾಗಂತ ಅಡುಗೆ ಬರಹದಲ್ಲಿ ಫ್ಲೌಂಡರ್ ಕಂಡ ಕೂಡಲೇ ನಂಗು ಎಂದು ಬರೆಯಬೇಡಿ. ನಂಗು ನಾಲಿಗೆಯ ಹಾಗೆ ಉದ್ದ ಸಪೂರ, ಫ್ಲೌಂಡರ್ ಅಗಲ. ಹೆಸರು ಹಾಗೇ ಇಟ್ಟು ‘ಚಪ್ಪಟೆ ಮೀನು’ ಅಂತ ಒಂದು ಮಾತು ಸೇರಿಸಿದರೆ ಸಾಕು.

ಗೊರಸು:
ಪಶುವೈದ್ಯಕೀಯ ಬರಹ ಅನುವಾದಿಸುವವರಿಗೆ ಫೌಂಡರ್‌ನ ಮೂರನೇ ಅರ್ಥವೂ ಬೇಕಾಗುತ್ತದೆ. ಕುದುರೆಯ ಗೊರಸಿನೊಳಗಿನ ಪದರ ಉರಿಯೂತದಿಂದ ಊದಿಕೊಂಡು ಕಾಲೂರಲು ಆಗದ ಸ್ಥಿತಿಗೆ ಇಂಗ್ಲಿಷಿನ ಆಡುಮಾತಿನಲ್ಲಿ ಫೌಂಡರ್ ಎನ್ನುತ್ತಾರೆ. ವೈದ್ಯಕೀಯ ಹೆಸರು ಲ್ಯಾಮಿನೈಟಿಸ್. ಒಮ್ಮೆಲೇ ವಿಪರೀತ ಕಾಳು ತಿಂದರೆ ಬರುವುದುಂಟು, ದನಗಳಲ್ಲೂ ಇದೆ. ‘ದಿ ಹಾರ್ಸ್ ಫೌಂಡರ್ಡ್’ ಎಂದಿದ್ದರೆ ಕುದುರೆ ಮುಳುಗಲಿಲ್ಲ, ಕುಂಟಿತು ಅಥವಾ ಮುಗ್ಗರಿಸಿ ಬಿತ್ತು. ಸಂದರ್ಭ ನೋಡಿ ಬರೆಯಿರಿ. ಹಳೆಯ ಯುದ್ಧದ ಕತೆಗಳಲ್ಲಿ ಕುದುರೆ ಬಳಲಿ ಕುಸಿಯುವುದಕ್ಕೂ ಇದೇ ಪದ.

ಸುದ್ದಿಮನೆ:
ಈಗ ಸ್ಟ್ರಗಲ್ ಬಗ್ಗೆ. ತಪ್ಪು ಅತಿ ಹೆಚ್ಚು ಆಗುವುದು ಇಲ್ಲೇ, ಮತ್ತು ಅದಕ್ಕೆ ಕಾರಣವೂ ಸ್ಪಷ್ಟ. ‘ಫ್ರೀಡಂ ಸ್ಟ್ರಗಲ್’ ಅಂದರೆ ಸ್ವಾತಂತ್ರ್ಯ ಹೋರಾಟ ಎಂದು ಶಾಲೆಯಲ್ಲೇ ಕಲಿತಿರುತ್ತೇವೆ. ಅಲ್ಲಿಂದ ಸ್ಟ್ರಗಲ್ ಕಂಡಲ್ಲೆಲ್ಲ ಹೋರಾಟ. ‘ಆಸ್ಪತ್ರೆಗಳು ಹಾಸಿಗೆ ಹೊಂದಿಸಲು ಹೋರಾಡುತ್ತಿವೆ’, ‘ಬ್ಯಾಟರ್ ರನ್ ಗಳಿಸಲು ಹೋರಾಡಿದ’, ‘ಲಾರಿ ಘಾಟಿ ಹತ್ತಲು ಹೋರಾಡಿತು’. ಲಾರಿ ಯಾರ ಮೇಲೆ ಹೋರಾಡಿತು ಸ್ವಾಮಿ?

ಕನ್ನಡದಲ್ಲಿ ಹೋರಾಟಕ್ಕೆ ಎರಡು ಬೇಕು: ಎದುರಾಳಿ ಅಥವಾ ಗುರಿ, ಮತ್ತು ಮನಸ್ಸು. ಇಂಗ್ಲಿಷಿನ ಸ್ಟ್ರಗಲ್‌ಗೆ ಇವೆರಡೂ ಕಡ್ಡಾಯವಲ್ಲ. ಅದು ಎಂಜಿನ್ನಿಗೂ ಸಲ್ಲುತ್ತದೆ. ಹಾಗಾಗಿ ಕ್ರಿಯಾಪದವನ್ನು ಬಿಟ್ಟು ಅದರ ನಂತರ ಬರುವ ಚಿಕ್ಕ ಪದವನ್ನು ನೋಡಿ:

‘ಸ್ಟ್ರಗಲ್ ಅಗೇನ್ಸ್ಟ್’ ಮತ್ತು ‘ಸ್ಟ್ರಗಲ್ ಫಾರ್’ ಇದ್ದರೆ ಹೋರಾಟ, ಸೆಣಸಾಟ ಬಹುಮಟ್ಟಿಗೆ ಸರಿ. ಜೀತದ ವಿರುದ್ಧ ಹೋರಾಟ, ಭೂಮಿಗಾಗಿ ಹೋರಾಟ. ಡಾರ್ವಿನ್ 1859ರಲ್ಲಿ ಬಳಸಿದ ‘ಸ್ಟ್ರಗಲ್ ಫಾರ್ ಎಕ್ಸಿಸ್ಟೆನ್ಸ್’ ಕೂಡ ಈ ಗುಂಪಿನದು. ಅಸ್ತಿತ್ವಕ್ಕಾಗಿ ಹೋರಾಟ ಎಂದು ಅದು ಕನ್ನಡದಲ್ಲಿ ನೆಲೆಯೂರಿದೆ. ಆದರೆ ಇದನ್ನು ತಾನು ರೂಪಕವಾಗಿ, ವಿಶಾಲ ಅರ್ಥದಲ್ಲಿ ಬಳಸುತ್ತಿದ್ದೇನೆ ಎಂದು ಡಾರ್ವಿನ್ನೇ ಬಿಡಿಸಿ ಹೇಳಿದ್ದಾನೆ. ಮರುಭೂಮಿಯ ಅಂಚಿನ ಗಿಡ ಬರದೊಂದಿಗೆ ಹೆಣಗುವುದೂ ಅವನ ಲೆಕ್ಕದಲ್ಲಿ ಸ್ಟ್ರಗಲ್. ಆ ಗಿಡಕ್ಕೆ ‘ಹೋರಾಡು’ ಅನ್ನುವುದು ನಮಗೆ ಅಷ್ಟು ಸಲೀಸಲ್ಲ.

‘ಸ್ಟ್ರಗಲ್ ವಿತ್’ ಇದ್ದರೆ ಮುಂದಿನ ನಾಮಪದ ಶತ್ರುವಲ್ಲ, ತೊಂದರೆ. ‘ಸ್ಟ್ರಗ್ಲಿಂಗ್ ವಿತ್ ಮ್ಯಾಥ್ಸ್’ = ಗಣಿತ ಕಷ್ಟವಾಗುತ್ತಿದೆ. ‘ಸ್ಟ್ರಗ್ಲಿಂಗ್ ವಿತ್ ಎ ನೀ ಇಂಜುರಿ’ = ಮೊಣಕಾಲಿನ ಗಾಯದಿಂದ ಬಳಲುತ್ತಿದ್ದಾನೆ. ವ್ಯಕ್ತಿ ಬಂದರೆ ಮಾತ್ರ ಜಾಗ್ರತೆ: ‘ಸ್ಟ್ರಗಲ್ಡ್ ವಿತ್ ದಿ ಥೀಫ್’ ಅಂದರೆ ಕಳ್ಳನ ಜೊತೆ ಗುದ್ದಾಡಿದ, ಹೊಯ್‌ಕೈ ಆಯಿತು.

‘ಸ್ಟ್ರಗಲ್ ಟು’ ಜೊತೆ ಕ್ರಿಯಾಪದ ಬಂದರೆ ಪರದಾಡು, ಹೆಣಗು, ಹರಸಾಹಸಪಡು, ತಿಣುಕು. ಬಹಳ ಸಲ ‘ಕಷ್ಟವಾಗುತ್ತಿದೆ’ ಎಂಬ ಸಾದಾ ಮಾತೇ ಎಲ್ಲಕ್ಕಿಂತ ಮೇಲು.

ಒಂದು ಸೂಕ್ಷ್ಮ ಇದೆ, ಹಲವರು ಗಮನಿಸುವುದಿಲ್ಲ. ‘ಟು’ ಆದ ಮೇಲೆ ಕ್ರಿಯಾಪದ ಬಂದರೆ ಕೆಲಸ ಆಯಿತೋ ಇಲ್ಲವೋ ಗೊತ್ತಿಲ್ಲ. ‘ಸ್ಟ್ರಗಲ್ಡ್ ಟು ರೀಚ್ ದಿ ಡೋರ್’: ಬಾಗಿಲು ತಲುಪಲು ಹೆಣಗಿದ, ತಲುಪಿರಬಹುದು, ಇಲ್ಲದಿರಬಹುದು. ಅದೇ ‘ಟು’ ಆದ ಮೇಲೆ ನೇರ ಜಾಗದ ಹೆಸರು ಬಂದರೆ ಕೆಲಸ ಆಗಿದೆ. ‘ಸ್ಟ್ರಗಲ್ಡ್ ಟು ದಿ ಡೋರ್’: ಕಷ್ಟಪಟ್ಟು ಬಾಗಿಲವರೆಗೆ ಬಂದೇಬಂದ. ‘ಸ್ಟ್ರಗಲ್ಡ್ ಟು ಹರ್ ಫೀಟ್’ ಅಂದರೆ ಎದ್ದು ನಿಂತಳು, ಕಷ್ಟಪಟ್ಟು. ಇದನ್ನು ‘ಏಳಲು ಪ್ರಯತ್ನಿಸಿದಳು’ ಎಂದು ಬರೆದರೆ ಮುಂದಿನ ವಾಕ್ಯದಲ್ಲಿ ಅವಳು ಓಡಿಹೋದಾಗ ಓದುಗ ತಲೆ ಕೆರೆದುಕೊಳ್ಳುತ್ತಾನೆ.

ಹೊಸಬ:
‘ಸ್ಟ್ರಗಲ್ಡ್ ನಾಟ್ ಟು ಲಾಫ್’ ಅಂದರೆ? ನಗಲು ಕಷ್ಟಪಡಲಿಲ್ಲ ಅಂತಲೇ?

ಸುದ್ದಿಮನೆ:
ಅಲ್ಲ. ನಗು ತಡೆದುಕೊಳ್ಳಲು ಪಾಡುಪಟ್ಟ. ‘ನಾಟ್’ ಎಲ್ಲಿ ಕೂತಿದೆ ನೋಡಿ, ಸ್ಟ್ರಗಲ್ ಆದ ಮೇಲೆ ಇದೆ. ನೀವು ಹೇಳಿದ ಅರ್ಥಕ್ಕೆ ‘ಡಿಡ್ ನಾಟ್ ಸ್ಟ್ರಗಲ್ ಟು ಲಾಫ್’ ಆಗಬೇಕಿತ್ತು. ಹಾಗೆ ಯಾರೂ ಬರೆಯುವುದಿಲ್ಲ ಬಿಡಿ.

ಗಂಡುಮೆಟ್ಟು:
ನಮ್ಮ ಕಡೆ ಪದಕ್ಕ ಬರ ಇಲ್ಲರೀ. ‘ಏಗು’ ಅನ್ನೂದನ್ನ ಯಾಕ ಎಲ್ಲಾರೂ ಮರ್ತೀರಿ? ‘ಈ ಹುಡುಗನ ಜೋಡಿ ಏಗಿ ಏಗಿ ಸಾಕಾತು’. ಗೆಲ್ಲೂದಿಲ್ಲ, ಸೋಲೂದಿಲ್ಲ, ದಿನಾ ಬಡದಾಡೂದು. ‘ಗ್ರ್ಯಾಪಲ್ ವಿತ್’, ‘ಕೋಪ್ ವಿತ್’ ಎರಡರ ನಡುವಿನ ಜಾಗಾನ ಇದು ತುಂಬತದ. ಸರಕಾರ ಸಾಲದ ಜೋಡಿ ಏಗಾಕತ್ತೇತಿ ಅಂದ್ರ ಯಾರಿಗೆ ತಿಳಿಯಂಗಿಲ್ಲ?

ಗ್ರ್ಯಾಪಲ್‌ಗೂ ರೆಸಲ್‌ಗೂ ಫರಕ್ ಏನಂದ್ರ, ಗ್ರ್ಯಾಪಲ್ ಮೂಲದಾಗ ಕೊಕ್ಕಿ. ವೈರಿ ಹಡಗಿಗೆ ಎಸೆದು ಎಳಕೊಳ್ಳೂ ಕಬ್ಬಿಣದ ಕೊಕ್ಕಿ. ಬಾವ್ಯಾಗ ಬಿದ್ದ ಕೊಡಾ ತೆಗ್ಯಾಕ ಪಾತಾಳಗರಡಿ ಬಿಡ್ತಾರಲ್ಲ, ಒಂದು ಬಳಿಗೆ ಸುತ್ತಲೂ ಕೊಕ್ಕಿ ಇರತಾವು, ಹೆಚ್ಚೂಕಡಿಮಿ ಅದ. ಕಣ್ಣಿಗೆ ಕಾಣೂದಿಲ್ಲ, ನೀರಾಗ ಆಡಿಸ್ಕೋತ ಆಡಿಸ್ಕೋತ ಎಲ್ಲೋ ಒಂದ ಕಡೆ ಸಿಗಬೇಕು. ಅದಕ್ಕ ‘ಗ್ರ್ಯಾಪಲ್ ವಿತ್ ಎ ಪ್ರಾಬ್ಲಂ’ ಅಂದ್ರ ಸಮಸ್ಯೆ ಇನ್ನೂ ಹಿಡಿತಕ್ಕ ಸಿಕ್ಕಿಲ್ಲ, ಹಿಡೀಲಿಕ್ಕೆ ನೋಡಾಕತ್ತಾನ.

ರೆಸಲ್ ಕುಸ್ತಿ. ‘ಟಿ’ ಅಕ್ಷರ ಬರಿಯೂದಷ್ಟ, ಬಾಯಾಗ ಬರಬಾರದು. ಅದಕ್ಕ ಕರ್ಮಾನೂ ಹತ್ತತದ: ‘ರೆಸಲ್ಡ್ ಹಿಮ್ ಟು ದಿ ಗ್ರೌಂಡ್’, ನೆಲಕ್ಕ ಕೆಡವಿದ. ಸ್ಟ್ರಗಲ್‌ಗೆ ಹಂಗ ಹತ್ತಂಗಿಲ್ಲ. ‘ಸ್ಟ್ರಗಲ್ಡ್ ದಿ ಪ್ರಾಬ್ಲಂ’ ತಪ್ಪು, ನಡುವ ‘ವಿತ್’ ಬೇಕ ಬೇಕು.

ಪದಬೇಟೆ:
ಹೆಣಗು ಪದಕ್ಕೆ ಒಂದು ಸೇರಿಕೆ. ಹಳಗನ್ನಡದಲ್ಲಿ ಅದು ‘ಪೆಣಗು’. ಪಕಾರ ಹಕಾರವಾದ ಮೇಲೆ ಹೆಣಗು. ಹೆಣೆದುಕೊಳ್ಳು, ತೊಡರಿಕೊಳ್ಳು ಎಂಬ ಅರ್ಥದಿಂದ ಸೆಣಸು, ಜಗಳವಾಡು ಎಂಬಲ್ಲಿಗೆ ಬಂದದ್ದು. ಜಡೆ ‘ಹೆಣೆ’ಯುವುದೂ ಹತ್ತಿರದ ನಂಟು. ಇಂಗ್ಲಿಷಿನ ರೆಸಲ್ ಕೂಡ ತಿರುಚು ಎಂಬರ್ಥದ ಹಳೆಯ ಪದದ ನೆಂಟ. ಇಬ್ಬರು ಕುಸ್ತಿಗೆ ಬಿದ್ದಾಗ ಕೈಕಾಲು ಹೆಣೆದುಕೊಳ್ಳುವುದನ್ನು ಎರಡೂ ಭಾಷೆ ಬೇರೆ ಬೇರೆಯಾಗಿ ಕಂಡುಕೊಂಡಿವೆ. ಹಾಗಾಗಿ ‘ರೆಸಲ್ ವಿತ್ ಎ ಡಿಸಿಷನ್’ ಥರದ ಪ್ರಯೋಗಕ್ಕೆ ‘ಹೆಣಗು’ ಚೆನ್ನಾಗಿ ಕೂರುತ್ತದೆ. ಮನಸ್ಸಿನೊಳಗಿನ ದ್ವಂದ್ವವೇ ಮುಖ್ಯವಾದರೆ ‘ತೊಳಲಾಡು’.

ಇನ್ನೊಂದು ಗಮನಿಸಿ. ಫ್ಲೌಂಡರ್‌ಗೆ ನಾವು ಕೊಡುವ ಪದಗಳೆಲ್ಲ ಬಹುಪಾಲು ‘ಆಡು’ ಹಚ್ಚಿಕೊಂಡಿವೆ: ಒದ್ದಾಡು, ಪರದಾಡು, ತಡಕಾಡು, ಪೇಚಾಡು, ತೊಳಲಾಡು. ಮತ್ತೆ ಮತ್ತೆ, ದಿಕ್ಕಿಲ್ಲದೆ ನಡೆಯುವ ಕ್ರಿಯೆ. ಫೌಂಡರ್‌ಗೆ ಕೊಡುವ ಪದಗಳಲ್ಲಿ ಆಡು ಇಲ್ಲ: ಮುಳುಗು, ಮುರಿದುಬೀಳು, ನೆಲಕಚ್ಚು, ಕುಸಿ. ಒಂದು ಸಲ ಆಗಿ ಮುಗಿಯುವಂಥವು.

ಇಂಗ್ಲಿಷ್ ಮೇಷ್ಟ್ರು:
ಪದಬೇಟೆಯವರೇ, ಹಾಗಾದರೆ ಹೋರಾಡು, ಕಾದಾಡು, ಗುದ್ದಾಡು? ಅಲ್ಲೂ ಆಡು ಇದೆ, ದಿಕ್ಕಿಲ್ಲದೆ ಏನೂ ಇಲ್ಲ.

ಪದಬೇಟೆ:
ಒಪ್ಪಿದೆ, ಅಲ್ಲಿ ಆಡು ಬೇರೆ ಕೆಲಸ ಮಾಡುತ್ತದೆ. ಕಾದಾಡು, ಗುದ್ದಾಡು, ಕಚ್ಚಾಡು ಇವುಗಳಲ್ಲಿ ಇಬ್ಬರು ಬೇಕು, ಪರಸ್ಪರ ಎಂಬ ಅರ್ಥ. ಒದ್ದಾಡಲು ಒಬ್ಬನೇ ಸಾಕು. ಆದ್ದರಿಂದ ಆಡು ಇದೆಯೆಂದು ಮಾತ್ರ ನೋಡದೆ, ಎದುರಿಗೆ ಇನ್ನೊಬ್ಬ ಇದ್ದಾನೆಯೇ ಎಂದೂ ನೋಡಬೇಕು. ಇದ್ದರೆ ಸ್ಟ್ರಗಲ್, ರೆಸಲ್, ಫೈಟ್ ಕಡೆಗೆ. ಇಲ್ಲದಿದ್ದರೆ ಫ್ಲೌಂಡರ್ ಕಡೆಗೆ. ಕೊಸರಾಡು ನಡುವೆ ನಿಲ್ಲುತ್ತದೆ: ಯಾರೋ ಹಿಡಿದಿದ್ದಾರೆ, ಬಿಡಿಸಿಕೊಳ್ಳಲು ಇವನೊಬ್ಬನೇ ಎಳೆದಾಡುತ್ತಾನೆ. ‘ಸ್ಟ್ರಗಲ್ಡ್ ಟು ಗೆಟ್ ಫ್ರೀ’ಗೆ ಅದಕ್ಕಿಂತ ಒಳ್ಳೆಯ ಪದ ಸಿಗಲಿಕ್ಕಿಲ್ಲ.

ಉದ್ಯೋಗಾಕಾಂಕ್ಷಿ:
ಇದೇ ಎಳೆಯಲ್ಲಿ ಕೇಳಬಹುದೇ? ಕೆಲಸದ ಅರ್ಜಿಯಲ್ಲಿ ‘ಐ ಸ್ಟ್ರಗಲ್ಡ್ ಟು ಅಚೀವ್ ಟಾರ್ಗೆಟ್ಸ್’ ಅಂತ ಬರೆದರೆ ಶ್ರಮಜೀವಿ ಅನ್ನುವ ಅರ್ಥ ಬರುತ್ತದಲ್ಲವೇ?

ಸುದ್ದಿಮನೆ:
ದಯವಿಟ್ಟು ತೆಗೆದುಬಿಡಿ. ‘ಗುರಿ ಮುಟ್ಟಲು ಏದುಸಿರು ಬಿಟ್ಟೆ, ಮುಟ್ಟಿದೆನೋ ಇಲ್ಲವೋ’ ಎಂಬ ಅರ್ಥ ಬರುತ್ತದೆ.

ಇಂಗ್ಲಿಷ್ ಮೇಷ್ಟ್ರು:
ನೀವು ಹೇಳಬೇಕೆಂದಿರುವುದು ‘ಸ್ಟ್ರೈವ್’. ಅದರಲ್ಲಿ ಶ್ರದ್ಧೆ ಇದೆ, ಪಟ್ಟು ಇದೆ, ಸೋಲಿನ ಸುಳಿವಿಲ್ಲ. ‘ದಿ ಕಂಪನಿ ಸ್ಟ್ರೈವ್ಸ್ ಟು ಡೆಲಿವರ್ ಆನ್ ಟೈಮ್’ ಅಂದರೆ ಸಮಯಕ್ಕೆ ತಲುಪಿಸಲು ಶ್ರಮಿಸುತ್ತದೆ. ಸ್ಟ್ರೈವ್ಸ್ ಜಾಗದಲ್ಲಿ ಸ್ಟ್ರಗಲ್ಸ್ ಹಾಕಿ, ಅದೇ ಕಂಪನಿ ಸಮಯಕ್ಕೆ ತಲುಪಿಸಲಾಗದೆ ಪರದಾಡತೊಡಗುತ್ತದೆ. ಸ್ಟ್ರೈವ್‌ನ ಭೂತಕಾಲ ಸ್ಟ್ರೋವ್, ಮೂರನೇ ರೂಪ ಸ್ಟ್ರಿವನ್. ಎರಡಕ್ಕೂ ಸ್ಟ್ರೈವ್ಡ್ ಎಂದು ಬಳಸುವುದೂ ಚಾಲ್ತಿಯಲ್ಲಿದೆ, ತಪ್ಪೆನ್ನುವ ಹಾಗಿಲ್ಲ.

ಈ ತೊಡಕಿಗೆ ಭಾರತದ ಇಂಗ್ಲಿಷ್ ಕಾರಣ. ನಮ್ಮಲ್ಲಿ ‘ತುಂಬಾ ಸ್ಟ್ರಗಲ್ ಮಾಡಿ ಮೇಲೆ ಬಂದ’ ಎಂಬುದು ಹೊಗಳಿಕೆ. ಮುಂಬೈ ಚಿತ್ರರಂಗದಲ್ಲಿ ಅವಕಾಶಕ್ಕೆ ಅಲೆಯುವವನಿಗೆ ‘ಸ್ಟ್ರಗ್ಲರ್’ ಎಂಬ ಹೆಸರೇ ಇದೆ, ಗಾಂಧಿನಗರದಲ್ಲೂ ಅದೇ ಮಾತು ಓಡುತ್ತದೆ. ಇಂಗ್ಲೆಂಡಿನಲ್ಲೋ ಅಮೆರಿಕದಲ್ಲೋ ಕೂತು ಅರ್ಜಿ ಓದುವವರಿಗೆ ಈ ಹಿನ್ನೆಲೆ ಇರುವುದಿಲ್ಲ. ಅಲ್ಲಿ ‘ಹಿ ಈಸ್ ಸ್ಟ್ರಗ್ಲಿಂಗ್’ ಎಂದರೆ ಕೆಲಸ ಅವನ ಕೈಲಿ ಆಗುತ್ತಿಲ್ಲ ಎಂಬುದರ ಮೆತ್ತನೆಯ ರೂಪ. ಶಾಲೆಯ ವರದಿಯಲ್ಲಿ ಮಗುವಿನ ಬಗ್ಗೆ ಹಾಗೆ ಬರೆದಿದ್ದರೆ ಮಗು ಛಲವಂತ ಎಂದಲ್ಲ, ಪಾಠ ತಲೆಗೆ ಹತ್ತುತ್ತಿಲ್ಲ, ಸಹಾಯ ಬೇಕು ಎಂದರ್ಥ. ಹೊರದೇಶದಲ್ಲಿರುವ ಕನ್ನಡದ ತಂದೆತಾಯಿಗಳು ಇದನ್ನು ತಿಳಿದಿರಬೇಕು.

ಗಂಡುಮೆಟ್ಟು:
ಅರ್ಜ್ಯಾಗ ಬರೀ ‘ಅಚೀವ್ಡ್’ ಅಂತ ಬರದು ಮುಂದ ಅಂಕಿ ಹಾಕ್ರಿ. ಯಾವ ಕ್ರಿಯಾಪದದ ಗೊಡವೀನೂ ಬ್ಯಾಡ.

ಕ್ರಿಕೆಟ್ ಪುಟ:
ಕ್ರೀಡಾ ವರದಿಗೆ ಎರಡು ಮಾತು. ‘ಫ್ಲೌಂಡರ್ಡ್ ಅಗೇನ್ಸ್ಟ್ ಸ್ಪಿನ್’ ಮತ್ತು ‘ಸ್ಟ್ರಗಲ್ಡ್ ಅಗೇನ್ಸ್ಟ್ ಸ್ಪಿನ್’ ಒಂದೇ ಅಲ್ಲ. ಸ್ಟ್ರಗಲ್ಡ್ ಅಂದರೆ ರನ್ ಬರಲಿಲ್ಲ, ಆದರೂ ಕ್ರೀಸಿನಲ್ಲಿ ನಿಂತು ಎದುರಿಸಿದ್ದಿರಬಹುದು: ‘ಸ್ಪಿನ್ ಎದುರು ಪರದಾಡಿದರು’. ಫ್ಲೌಂಡರ್ಡ್ ಅಂದರೆ ಚೆಂಡು ಒಳಗೆ ಬರುತ್ತದೋ ಹೊರಗೆ ಹೋಗುತ್ತದೋ ಎಂಬುದೇ ತಿಳಿಯಲಿಲ್ಲ, ಕಾಲು ಒಂದು ಕಡೆ ಬ್ಯಾಟು ಇನ್ನೊಂದು ಕಡೆ: ‘ತಡಕಾಡಿದರು’, ‘ತಬ್ಬಿಬ್ಬಾದರು’. ‘ಅಗೇನ್ಸ್ಟ್’ ಇದೆಯೆಂದು ಇಲ್ಲಿ ಹೋರಾಟ ಹಾಕಬೇಡಿ. ಕ್ರೀಡಾಪುಟದಲ್ಲಿ ‘ದಿಟ್ಟ ಹೋರಾಟ’ ಅಂದರೆ ಮೆಚ್ಚುಗೆ, ಓದುಗರು ಆ ಆಟಗಾರ ಚೆನ್ನಾಗಿ ಆಡಿದ ಎಂದೇ ತಿಳಿಯುತ್ತಾರೆ.

ಸುದ್ದಿಮನೆ:
ಒಳ್ಳೆಯ ತಿದ್ದುಪಡಿ. ‘ಅಗೇನ್ಸ್ಟ್’ ಎಂದರೆ ಹೋರಾಟ ಎಂಬ ನನ್ನ ಸೂತ್ರ ಆಟದ ವರದಿಗೆ ಅನ್ವಯಿಸುವುದಿಲ್ಲ ಎಂದು ಓದಿಕೊಳ್ಳಿ.

ಕರಡುತಿದ್ದುಗ:
ಎಲ್ಲರಿಗೂ ಧನ್ಯವಾದ. ಎರಡು ವಾಕ್ಯವನ್ನು ಹೀಗೆ ತಿದ್ದಿದ್ದೇನೆ:

1. ಕಂಪನಿ ದಿಕ್ಕು ತೋಚದೆ ಒದ್ದಾಡುತ್ತಿದೆ.
2. ವೇತನದ ವಿಚಾರದಲ್ಲಿ ಮಾತುಕತೆ ಮುರಿದುಬಿತ್ತು.

ಒಂದು ಅನುಮಾನ ಉಳಿದಿದೆ. ಇಂಗ್ಲಿಷ್ ಮೂಲದಲ್ಲೇ ತಪ್ಪಿದ್ದರೆ? ‘ದಿ ಶಿಪ್ ಫ್ಲೌಂಡರ್ಡ್ ಆಫ್ ದಿ ಕೋಸ್ಟ್ ಆ್ಯಂಡ್ ಆಲ್ ಹ್ಯಾಂಡ್ಸ್ ವರ್ ಲಾಸ್ಟ್’ ಎಂದು ಇನ್ನೊಂದು ಪ್ರತಿಯಲ್ಲಿದೆ.

ಇಂಗ್ಲಿಷ್ ಮೇಷ್ಟ್ರು:
ಅದು ಫೌಂಡರ್ಡ್ ಆಗಬೇಕಿತ್ತು. ‘ಆಲ್ ಹ್ಯಾಂಡ್ಸ್’ ಅಂದರೆ ಹಡಗಿನ ಸಿಬ್ಬಂದಿಯೆಲ್ಲ, ಕೈಗಳಲ್ಲ. ಅಷ್ಟೂ ಜನ ಸತ್ತರು ಅಂದಮೇಲೆ ಹಡಗು ಒದ್ದಾಡುತ್ತಿರಲಿಲ್ಲ, ಮುಳುಗಿತ್ತು. ‘ಕರಾವಳಿಯಾಚೆ ಹಡಗು ಮುಳುಗಿ ಸಿಬ್ಬಂದಿಯೆಲ್ಲ ಸತ್ತರು’ ಎಂದು ಬರೆದು, ಮೂಲದ ತಪ್ಪನ್ನು ಸಂಪಾದಕರಿಗೆ ಪ್ರತ್ಯೇಕವಾಗಿ ತಿಳಿಸಿ. ಹಡಗು ಮರಳದಿಬ್ಬಕ್ಕೆ ಸಿಕ್ಕಿಕೊಂಡಿದ್ದು ಮುಳುಗಿಲ್ಲವಾದರೆ ಎರಡೂ ಪದ ಬೇಡ, ಅದಕ್ಕೆ ‘ಸ್ಟ್ರಾಂಡೆಡ್’ ಅಥವಾ ‘ರ‍್ಯಾನ್ ಅಗ್ರೌಂಡ್’ ಇದೆ.

ಕಡಲತಡಿ:
ಅದಕ್ಕೆ ಕನ್ನಡದಲ್ಲಿ ‘ದಿಬ್ಬ ಹತ್ತಿತು’ ಅಂತ ಬರೆದರೆ ಘಟ್ಟದ ಮೇಲಿನವರು ಬಸ್ಸು ಅಂದುಕೊಂಡಾರು. ‘ಮರಳಿಗೆ ಸಿಕ್ಕಿ ನಿಂತಿತು’ ಅನ್ನಿ, ಯಾರಿಗೂ ಗೊಂದಲವಿಲ್ಲ.